ಆಸ್ಪತ್ರೆಯ ಬಿಂಬಭಂಡಾರ: ಚಿತ್ರ ಸರ್ವರಿನ ಸ್ಥಾಪನೆ ಮತ್ತು ನಿರ್ವಹಣೆ

ವೈದ್ಯನಾದವನು ರೋಗಿಯ ನಾಡಿ ಹಿಡಿದು, ನಾಲಗೆ ನೋಡಿ, ಎದೆಗೆ ಕಿವಿಗೊಟ್ಟು ದೇಹದೊಳಗಿನ ವ್ಯಾಧಿಯನ್ನು ಊಹಿಸಬೇಕಾಗಿದ್ದ ಕಾಲವೊಂದಿತ್ತು. 1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ನಗರದಲ್ಲಿ ವಿಲ್‌ಹೆಲ್ಮ್ ರಾಂಟ್‌ಜನ್ ಕ್ಷಕಿರಣವನ್ನು ಕಂಡುಹಿಡಿದ ಮೇಲೆ, ಚರ್ಮವನ್ನು ಕೊಯ್ಯದೆಯೇ ಎಲುಬನ್ನೂ ಶ್ವಾಸಕೋಶವನ್ನೂ ಕಣ್ಣಾರೆ ಕಾಣುವುದು ಸಾಧ್ಯವಾಯಿತು. ಅಲ್ಲಿಂದ ಮುಂದೆ ಬಹುಕಾಲ ಈ ಚಿತ್ರಗಳು ಫಿಲ್ಮಿನ ಹಾಳೆಯ ಮೇಲೆಯೇ ಮೂಡಿದವು. ದೆಹಲಿಯ ಕನ್ನಡಿಗರ ಮನೆಗಳಲ್ಲಿಯೂ ಬೀರುವಿನ ಮೇಲೆ, ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಇಂತಹ ಫಿಲ್ಮುಗಳ ದೊಡ್ಡ ಲಕೋಟೆಗಳು ದೊರೆಯುತ್ತವೆ. ಚಿಕಿತ್ಸೆಗೆಂದು ಊರಿನಿಂದ ಬರುವ ತಂದೆತಾಯಿಯರು, ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ತೆಗೆಸಿದ ಚಿತ್ರಗಳನ್ನು ರೈಲಿನಲ್ಲಿ ಮಡಚದಂತೆ ಕಾಪಾಡಿಕೊಂಡು ತರುವುದೂ ಉಂಟು.

ಆ ಲಕೋಟೆಯ ಸ್ಥಾನವನ್ನು ಇಂದು ಗಣಕಯಂತ್ರವೊಂದು ವಹಿಸಿಕೊಂಡಿದೆ. ಕ್ಷಕಿರಣ, ಸಿ.ಟಿ., ಎಂ.ಆರ್.ಐ., ಅಲ್ಟ್ರಾಸೌಂಡ್ ಮುಂತಾದ ಯಂತ್ರಗಳು ತೆಗೆಯುವ ಬಿಂಬಗಳನ್ನೆಲ್ಲ ಸ್ವೀಕರಿಸಿ, ವಿಂಗಡಿಸಿ, ಸಂಸ್ಕರಿಸಿ, ಕೇಳಿದ ವೈದ್ಯರಿಗೆ ಒದಗಿಸುವ ಈ ಸೇವಾ ಗಣಕಕ್ಕೆ ಸರ್ವರ್ ಎಂದು ಹೆಸರು. ಸಂಗ್ರಹ, ಸಾಗಣೆ, ವೀಕ್ಷಣೆಗಳು ಸೇರಿದ ಒಟ್ಟು ವ್ಯವಸ್ಥೆಯನ್ನು ‘ಪ್ಯಾಕ್ಸ್’ ಎಂದು ಕರೆಯುವುದು ರೂಢಿ. ಇಂತಹ ಯಂತ್ರವನ್ನು ಕೊಂಡು ತಂದು ನಿಲ್ಲಿಸುವುದು ಕಷ್ಟವಲ್ಲ. ಅದು ಹೊರುವ ಹೊಣೆಯನ್ನು ನಿರ್ವಹಿಸುವುದು ಕಷ್ಟ. ಆ ಹೊಣೆ ಮೂರು ಬಗೆಯದು: ಬೇಕಾದ ರೋಗಿಯ ಚಿತ್ರ ಬೇಕಾದ ಗಳಿಗೆಯಲ್ಲಿ ದೊರೆಯಬೇಕು, ಒಮ್ಮೆ ಸೇರಿದ ಚಿತ್ರ ಕಳೆದುಹೋಗಬಾರದು, ಸಂಬಂಧವಿಲ್ಲದವರ ಕೈಗೆ ಅದು ಸಿಕ್ಕಬಾರದು. ದೆಹಲಿ, ನೊಯ್ಡಾ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್‌ಗಳ ಆಸ್ಪತ್ರೆಗಳಲ್ಲಿ ವೈದ್ಯರಾಗಿ, ಇಂಜಿನಿಯರರಾಗಿ, ತಂತ್ರಜ್ಞರಾಗಿ ದುಡಿಯುತ್ತಿರುವ ಕನ್ನಡಿಗರಿಗೆ ಇದು ವೃತ್ತಿಯ ವಿಷಯ. ಉಳಿದವರಿಗೆ ಇದು ತಮ್ಮ ಹಾಗೂ ತಮ್ಮವರ ಆರೋಗ್ಯದ ವಿಷಯ.

ಹಳೆಯ ಚಿತ್ರದ ಬೆಲೆ

ಎದೆಯ ಚಿತ್ರದಲ್ಲಿ ಚಿಕ್ಕದೊಂದು ಗಂಟು ಕಂಡಿತೆನ್ನೋಣ. ಕ್ಷಯರೋಗ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಅದು ಎಂದೋ ವಾಸಿಯಾದ ಕ್ಷಯದ ಕಲೆಯಾಗಿರಬಹುದು. ಈಗತಾನೆ ಮೊಳೆಯುತ್ತಿರುವ ಅರ್ಬುದವೂ ಆಗಿರಬಹುದು. ಒಂದೇ ಚಿತ್ರವನ್ನು ನೋಡಿ ಇವೆರಡರಲ್ಲಿ ಯಾವುದೆಂದು ಹೇಳುವುದು ಅನುಭವಿಗಳಿಗೂ ಹಲವೊಮ್ಮೆ ಅಸಾಧ್ಯ. ಎರಡು ವರ್ಷಗಳ ಹಿಂದಿನ ಚಿತ್ರ ಪಕ್ಕದಲ್ಲಿದ್ದು, ಆ ಘನ ಗಂಟು ಅಂದಿನಿಂದ ಇಂದಿನವರೆಗೆ ಬೆಳೆದಿಲ್ಲವೆಂದು ಕಂಡರೆ ಅದು ಸಾಮಾನ್ಯವಾಗಿ ನಿರಪಾಯಕರವೆಂದು ತಜ್ಞರು ಪರಿಗಣಿಸುತ್ತಾರೆ. ಹಳೆಯ ಚಿತ್ರ ಇಲ್ಲದಿದ್ದರೆ ಮತ್ತೆ ಸಿ.ಟಿ., ಕೆಲವೊಮ್ಮೆ ಸೂಜಿ ಚುಚ್ಚಿ ಊತಕ ಪರೀಕ್ಷೆ, ತಿಂಗಳುಗಟ್ಟಲೆ ಆತಂಕ.

ಪರೀಕ್ಷೆಯನ್ನು ಮತ್ತೆ ಮಾಡಿಸುವುದರಿಂದ ಹಣವಷ್ಟೇ ವ್ಯಯವಾಗುವುದಿಲ್ಲ. ಭೂಮಿ ಮತ್ತು ಆಕಾಶಗಳಿಂದ ಸಹಜವಾಗಿ ಮನುಷ್ಯನಿಗೆ ತಗಲುವ ವಿಕಿರಣ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಎದೆಯ ಒಂದು ಸಾಧಾರಣ ಸಿ.ಟಿ. ಪರೀಕ್ಷೆಯಿಂದ ಸುಮಾರು 6ರಿಂದ 7 ಮಿಲಿಸೀವರ್ಟ್ ತಗಲುತ್ತದೆ. ಅಗತ್ಯವಿದ್ದಾಗ ಇದಕ್ಕೆ ಅಂಜಬೇಕಾದ ಕಾರಣವಿಲ್ಲ. ಆದರೆ ಹಿಂದಿನ ಚಿತ್ರ ಕಳೆದುಹೋಯಿತೆಂಬ ಒಂದೇ ಕಾರಣದಿಂದ ಎರಡು ಮೂರು ವರ್ಷಗಳ ಸಹಜ ವಿಕಿರಣವನ್ನು ಒಂದೇ ದಿನ ರೋಗಿಗೆ ಕೊಡುವುದು ಯುಕ್ತವಲ್ಲ.

ಚಿತ್ರವೆಂದರೆ ಅಂಕಿಗಳ ಕೋಷ್ಟಕ

1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ ಪ್ರದೇಶದ ಆಟ್‌ಕಿನ್‌ಸನ್ ಮಾರ್ಲೆ ಆಸ್ಪತ್ರೆಯಲ್ಲಿ ರೋಗಿಯೊಬ್ಬರ ಮಿದುಳಿನ ಮೊದಲ ಸಿ.ಟಿ. ಚಿತ್ರವನ್ನು ತೆಗೆಯಲಾಯಿತು. ಈ ಯಂತ್ರವನ್ನು ರೂಪಿಸಿದ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ವೈದ್ಯರಲ್ಲ, ಇಂಜಿನಿಯರು. 1979ರಲ್ಲಿ ಅವರಿಗೂ ಅಲನ್ ಕಾರ್ಮಾಕ್ ಅವರಿಗೂ ನೊಬೆಲ್ ಪ್ರಶಸ್ತಿ ಸಂದಿತು. ಸಿ.ಟಿ. ಯಂತ್ರ ನೇರವಾಗಿ ಫಿಲ್ಮಿನ ಮೇಲೆ ನೆರಳು ಬೀಳಿಸುವುದಿಲ್ಲ. ದೇಹದ ಒಂದೊಂದು ಅಡ್ಡಸೀಳನ್ನೂ ಸಾಮಾನ್ಯವಾಗಿ 512 ಸಾಲು, 512 ಕಂಬಗಳ ಚೌಕುಳಿಯಾಗಿ ವಿಭಾಗಿಸಿ, ಪ್ರತಿ ಮನೆಗೂ ಒಂದು ಅಂಕಿಯನ್ನು ಲೆಕ್ಕಹಾಕಿ ಬರೆಯುತ್ತದೆ. ಈ ಮಾನದಲ್ಲಿ ನೀರು ಸೊನ್ನೆ, ಗಾಳಿ ಋಣ 1000; ಕೊಬ್ಬು ಸುಮಾರು ಋಣ 100; ಮಿದುಳಿನ ಊತಕ ಸುಮಾರು 25ರಿಂದ 40; ಹೊಸದಾಗಿ ಹೆಪ್ಪುಗಟ್ಟಿದ ರಕ್ತ ಸುಮಾರು 50ರಿಂದ 80; ಗಟ್ಟಿ ಎಲುಬು ಹಲವು ನೂರರಿಂದ ಸಾವಿರಕ್ಕೂ ಮೇಲೆ.

ಸಂಸ್ಕರಣವೆಂದರೇನೆಂಬುದು ಇಲ್ಲಿ ತಿಳಿಯುತ್ತದೆ. ಸಿ.ಟಿ. ಚಿತ್ರದಲ್ಲಿ 4096 ಬೇರೆ ಬೇರೆ ಮೌಲ್ಯಗಳಿಗೆ ಎಡೆಯುಂಟು. ಸಾಮಾನ್ಯ ಪರದೆ ತೋರಿಸಬಲ್ಲದ್ದು ಕಪ್ಪಿನಿಂದ ಬಿಳುಪಿನವರೆಗೆ 256 ಛಾಯೆಗಳನ್ನು ಮಾತ್ರ. ಎಲ್ಲ ಮೌಲ್ಯಗಳನ್ನೂ ಸಮನಾಗಿ ಹಂಚಿದರೆ 16 ಅಂಕಿಗಳಿಗೆ ಒಂದೇ ಛಾಯೆ ಸಲ್ಲುತ್ತದೆ. ಆಗ ಮಿದುಳಿಗೂ ಅದರ ಪೊರೆಯ ಕೆಳಗೆ ಸೋರಿದ ರಕ್ತಕ್ಕೂ ಇರುವ ಸುಮಾರು 30 ಅಂಕಿಗಳ ಅಂತರ ಎರಡು ಛಾಯೆಗಳಷ್ಟಾಗಿ ಕಣ್ಣಿಗೆ ಗೋಚರಿಸುವುದೇ ಇಲ್ಲ. ಸೊನ್ನೆಯಿಂದ 80ರವರೆಗಿನ ಮೌಲ್ಯಗಳನ್ನಷ್ಟೇ ಆರಿಸಿಕೊಂಡು 256 ಛಾಯೆಗಳಲ್ಲಿ ಹರಡಿದರೆ ಅದೇ ಅಂತರ 96 ಛಾಯೆಗಳಷ್ಟಾಗುತ್ತದೆ. ಬಚ್ಚಲುಮನೆಯಲ್ಲಿ ಜಾರಿಬಿದ್ದ ವೃದ್ಧರ ತಲೆಯೊಳಗಿನ ರಕ್ತಸ್ರಾವ ಆಗ ಸ್ಪಷ್ಟವಾಗುತ್ತದೆ. ಈ ಕ್ರಮಕ್ಕೆ ತಜ್ಞರು ‘ವಿಂಡೋ’ ಹಾಕುವುದು ಎನ್ನುತ್ತಾರೆ. ಅಡ್ಡಸೀಳುಗಳನ್ನು ಜೋಡಿಸಿ ಉದ್ದಸೀಳುಗಳನ್ನು ಪಡೆಯುವುದು, ರಕ್ತನಾಳಗಳನ್ನು ಮಾತ್ರ ಎತ್ತಿ ತೋರಿಸುವುದು, ಎಲುಬನ್ನು ಮೂರು ಆಯಾಮಗಳಲ್ಲಿ ನಿಲ್ಲಿಸುವುದು ಇವೆಲ್ಲವೂ ಅಂಕಿಗಳ ಮೇಲಿನ ಲೆಕ್ಕಾಚಾರಗಳೇ. ಫಿಲ್ಮನ್ನು ಬೆಳಕಿಗೆ ಹಿಡಿದು ಫೋನಿನಲ್ಲಿ ತೆಗೆದ ಛಾಯಾಚಿತ್ರದಲ್ಲಿ ಈ ಅಂಕಿಗಳು ಉಳಿದಿರುವುದಿಲ್ಲ. ಆದುದರಿಂದ ಅದರ ಮೇಲೆ ಈ ಯಾವ ಸಂಸ್ಕಾರವನ್ನೂ ಮಾಡಲಾಗದು.

ಯಂತ್ರಗಳ ಸಮಾನ ಭಾಷೆ

ಆರಂಭದಲ್ಲಿ ಒಂದು ಕಂಪನಿಯ ಯಂತ್ರ ಬರೆದ ಚಿತ್ರವನ್ನು ಇನ್ನೊಂದು ಕಂಪನಿಯ ಯಂತ್ರ ಓದಲಾರದಾಗಿತ್ತು. ಈ ತೊಡಕನ್ನು ನಿವಾರಿಸಲು ಅಮೆರಿಕದ ವಿಕಿರಣ ವೈದ್ಯರ ಸಂಸ್ಥೆಯೂ ವಿದ್ಯುತ್ ಉಪಕರಣ ತಯಾರಕರ ಸಂಘವೂ 1983ರಲ್ಲಿ ಸಮಿತಿಯೊಂದನ್ನು ರಚಿಸಿದವು. 1985ರಲ್ಲಿ ಮೊದಲ ನಿಯಮಾವಳಿ, 1988ರಲ್ಲಿ ಎರಡನೆಯದು ಹೊರಬಂದವು. 1993ರಲ್ಲಿ ಬಂದ ಮೂರನೆಯ ರೂಪಕ್ಕೆ ‘ಡೈಕಾಮ್’ ಎಂದು ಹೆಸರಾಯಿತು. ಇಂದು ಜಗತ್ತಿನ ಎಲ್ಲೆಡೆ ಆಸ್ಪತ್ರೆಯ ಬಿಂಬಯಂತ್ರಗಳು ಮಾತಾಡುವುದು ಈ ಭಾಷೆಯನ್ನೇ.

ಡೈಕಾಮ್ ಕಡತದಲ್ಲಿ ಚಿತ್ರದ ಅಂಕಿಗಳ ಜೊತೆಗೆ ರೋಗಿಯ ಹೆಸರು, ನೋಂದಣಿ ಸಂಖ್ಯೆ, ಜನ್ಮದಿನಾಂಕ, ಪರೀಕ್ಷೆಯ ದಿನ ಮತ್ತು ಸಮಯ, ಯಂತ್ರದ ವಿವರ ಇವೆಲ್ಲ ಒಂದೇ ಕಟ್ಟಿನಲ್ಲಿ ಅಡಕವಾಗಿರುತ್ತವೆ. ಪ್ರತಿ ಪರೀಕ್ಷೆಗೂ ಪ್ರತಿ ಚಿತ್ರಕ್ಕೂ ಜಗತ್ತಿನಲ್ಲಿ ಮತ್ತೊಂದಕ್ಕಿಲ್ಲದ ಗುರುತುಸಂಖ್ಯೆ ಇರುತ್ತದೆ. ಪತ್ರದ ಮೇಲೆ ವಿಳಾಸ ಹೇಗೋ ಹಾಗೆ ಚಿತ್ರದೊಂದಿಗೆ ಅದರ ಒಡೆಯನ ಗುರುತೂ ಸಾಗುತ್ತದೆ. ಇದು ಅನುಕೂಲವೂ ಹೌದು, ಎಚ್ಚರ ತಪ್ಪಿದರೆ ಅಪಾಯವೂ ಹೌದು.

ಗಾತ್ರದ ಲೆಕ್ಕ

ಸರ್ವರನ್ನು ಕೊಳ್ಳುವ ಮುನ್ನ ದಿನದ ಕೆಲಸವನ್ನು ಅಳೆಯಬೇಕು. ಸಿ.ಟಿ.ಯ ಒಂದು ಸೀಳಿನಲ್ಲಿ 2,62,144 ಮನೆಗಳು. ಮನೆಯೊಂದಕ್ಕೆ ಎರಡು ಬೈಟ್‌ಗಳಂತೆ ಸುಮಾರು ಅರ್ಧ ಮೆಗಾಬೈಟ್. ಐದುನೂರು ಸೀಳುಗಳ ಪರೀಕ್ಷೆಗೆ ಸುಮಾರು 260 ಮೆಗಾಬೈಟ್. ಎದೆಯ ಕ್ಷಕಿರಣ ಚಿತ್ರವೊಂದು ಸುಮಾರು 10 ಮೆಗಾಬೈಟ್. ಮಧ್ಯಮ ಗಾತ್ರದ ರೋಗನಿದಾನ ಕೇಂದ್ರವೊಂದರಲ್ಲಿ ದಿನಕ್ಕೆ 60 ಕ್ಷಕಿರಣ, 15 ಸಿ.ಟಿ., ತಲಾ 100 ಮೆಗಾಬೈಟಿನ 10 ಎಂ.ಆರ್.ಐ., ತಲಾ 10 ಮೆಗಾಬೈಟಿನ 40 ಅಲ್ಟ್ರಾಸೌಂಡ್ ನಡೆಯುತ್ತವೆಂದು ಭಾವಿಸಿದರೆ, ಒಟ್ಟು ದಿನಕ್ಕೆ 5,900 ಮೆಗಾಬೈಟ್, ಅಂದರೆ ಸುಮಾರು 6 ಗಿಗಾಬೈಟ್. ವರ್ಷಕ್ಕೆ 300 ದಿನಗಳ ಕೆಲಸವಾದರೆ 1.8 ಟೆರಾಬೈಟ್, ಐದು ವರ್ಷಗಳಿಗೆ 9 ಟೆರಾಬೈಟ್. ಒಂದು ಅಂಕಿಯೂ ನಷ್ಟವಾಗದಂತೆ ಅಡಕಗೊಳಿಸುವ ವಿಧಾನಗಳಿಂದ ಇದನ್ನು ಸುಮಾರು ಅರ್ಧಕ್ಕೆ ಇಳಿಸಬಹುದು. ಆದರೂ ಕೆಲಸ ಬೆಳೆಯುವುದನ್ನು ಎಣಿಸಿ ಅಡಕಗೊಳಿಸದ ಲೆಕ್ಕವನ್ನೇ ಹಿಡಿಯುವುದು ವಿವೇಕ.

ಸಂಗ್ರಹದಂತೆ ಸಾಗಣೆಯನ್ನೂ ಅಳೆಯಬೇಕು. 260 ಮೆಗಾಬೈಟಿನ ಪರೀಕ್ಷೆ ಸೆಕೆಂಡಿಗೆ 20 ಮೆಗಾಬಿಟ್ ಸಾಗಿಸುವ ತಂತಿಯಲ್ಲಿ ಎರಡು ನಿಮಿಷದೊಳಗೆ ತಲುಪಿದರೆ, 2 ಮೆಗಾಬಿಟ್‌ನ ತಂತಿಯಲ್ಲಿ ಹದಿನೇಳು ನಿಮಿಷ ಹಿಡಿಯುತ್ತದೆ. ಪಾರ್ಶ್ವವಾಯು ಬಡಿದ ರೋಗಿಯ ಚಿತ್ರ ರಾತ್ರಿ ಮನೆಯಲ್ಲಿರುವ ತಜ್ಞರಿಗೆ ತಲುಪಬೇಕಾದಾಗ ಈ ವ್ಯತ್ಯಾಸ ಅಲ್ಪವಲ್ಲ. ದೂರದಿಂದಲೇ ಚಿತ್ರ ಓದುವ ಪದ್ಧತಿ ಭಾರತದಲ್ಲಿ ಬೇರೂರಿದ್ದರಲ್ಲಿ ಕನ್ನಡ ನಾಡಿಗೂ ಪಾಲುಂಟು. 2002ರಲ್ಲಿ ಬೆಂಗಳೂರಿನಲ್ಲಿ ಡಾ. ಅರ್ಜುನ್ ಕಲ್ಯಾಣಪುರ ಅವರು ಸ್ಥಾಪಿಸಿದ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಸಂಸ್ಥೆ, ಅಮೆರಿಕದ ರಾತ್ರಿ ಇಲ್ಲಿಯ ಹಗಲಾಗುವುದನ್ನು ಉಪಯೋಗಿಸಿಕೊಂಡು ಅಲ್ಲಿಯ ಆಸ್ಪತ್ರೆಗಳ ತುರ್ತು ಚಿತ್ರಗಳನ್ನು ಇಲ್ಲಿಂದಲೇ ಓದಿ ವರದಿ ಕಳುಹಿಸುವ ಕಾರ್ಯವನ್ನು ಕೈಗೊಂಡಿತು.

ಇಡುವ ಸ್ಥಳ

ದೆಹಲಿಯ ಹವೆ ಯಂತ್ರಗಳಿಗೆ ಹಿತಕರವಲ್ಲ. ಮೇ, ಜೂನ್ ತಿಂಗಳುಗಳಲ್ಲಿ ಬಿಸಿಲು 45 ಡಿಗ್ರಿ ಸಮೀಪಿಸುವುದುಂಟು. ಆಂಧಿ ಬೀಸಿದಾಗ ನುಣ್ಣನೆಯ ಧೂಳು ಕಿಟಕಿಯ ಸಂದುಗಳಿಂದ ಒಳನುಗ್ಗುತ್ತದೆ. ಸರ್ವರಿನ ಕೊಠಡಿಯನ್ನು 18ರಿಂದ 27 ಡಿಗ್ರಿಯೊಳಗೆ ಇರಿಸುವುದು, ಗಾಳಿಯ ಜಾಲರಿಗಳನ್ನು ನಿಯಮಿತವಾಗಿ ಶುಚಿಗೊಳಿಸುವುದು, ವಿದ್ಯುತ್ತಿಗೆ ಸರಿಯಾದ ಭೂಸಂಪರ್ಕ ಕೊಡುವುದು ಪ್ರಥಮ ಕರ್ತವ್ಯಗಳು. ವಿದ್ಯುತ್ ಹೋದಾಗ ಯಂತ್ರ ಥಟ್ಟನೆ ನಿಂತರೆ ಬರೆಯುತ್ತಿದ್ದ ಕಡತ ಕೆಡುತ್ತದೆ. ಜನರೇಟರ್ ಚಾಲನೆಯಾಗುವವರೆಗೂ ಆಧಾರವಾಗುವ, ಅದೂ ಆಗದಿದ್ದರೆ ಸರ್ವರನ್ನು ಕ್ರಮವಾಗಿ ಮುಚ್ಚಲು ಸಮಯ ಕೊಡುವ ಯು.ಪಿ.ಎಸ್. ಅನಿವಾರ್ಯ.

ನೆಲಮಾಳಿಗೆಯಲ್ಲಿ ಜಾಗ ಖಾಲಿ ಇದೆಯೆಂದು ಸರ್ವರನ್ನು ಅಲ್ಲಿರಿಸುವುದು ಸಲ್ಲದು. 2023ರ ಜುಲೈ 13ರಂದು ದೆಹಲಿಯಲ್ಲಿ ಯಮುನೆ 208.66 ಮೀಟರಿಗೆ ಏರಿ, 1978ರ 207.49 ಮೀಟರಿನ ದಾಖಲೆಯನ್ನು ಮೀರಿತು. ಅಂದು ನೀರು ನುಗ್ಗಿದ ಕಾರಣ ಸುಶ್ರುತ ಟ್ರಾಮಾ ಸೆಂಟರಿನ ರೋಗಿಗಳನ್ನು ಲೋಕನಾಯಕ ಆಸ್ಪತ್ರೆಗೆ ಸಾಗಿಸಬೇಕಾಯಿತು. ರೋಗಿಗಳನ್ನು ಆಂಬುಲೆನ್ಸಿನಲ್ಲಿ ಸಾಗಿಸಬಹುದು. ನೀರಿನಲ್ಲಿ ಮುಳುಗಿದ ಹಾರ್ಡ್ ಡಿಸ್ಕಿನಿಂದ ಚಿತ್ರಗಳನ್ನು ಹೊರತೆಗೆಯುವುದು ಸುಲಭವಲ್ಲ.

ಸ್ಥಾಪನೆಯ ಕ್ರಮ

ತಂತ್ರಾಂಶಗಳಲ್ಲಿ ಕೊಳ್ಳುವಂಥವೂ ಉಂಟು, ಮುಕ್ತವಾಗಿ ದೊರೆಯುವಂಥವೂ ಉಂಟು. ಬೆಲ್ಜಿಯಂ ದೇಶದ ಲಿಯೇಜ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಸೆಬಾಸ್ಟಿಯನ್ ಜೋಡೋನ್ ಅವರು ಆರಂಭಿಸಿ 2012ರಲ್ಲಿ ಬಿಡುಗಡೆ ಮಾಡಿದ ‘ಆರ್ಥಂಕ್’ ಎರಡನೆಯ ಬಗೆಯದು. ಚಿಕ್ಕ ಆಸ್ಪತ್ರೆಗಳಿಗೂ ಬೋಧನೆಗೂ ಸಂಶೋಧನೆಗೂ ಅನುಕೂಲಕರ. ಹೆಚ್ಚು ಹೊರೆಯ ಕಡೆಗಳಲ್ಲಿ ‘ಡಿ.ಸಿ.ಎಂ.4ಚೀ’ ಎಂಬುದೂ ಬಳಕೆಯಲ್ಲಿದೆ. ತಂತ್ರಾಂಶ ಉಚಿತವಾದರೂ ನಿರ್ವಹಣೆ ಉಚಿತವಲ್ಲ. ಅದನ್ನು ಬಲ್ಲ ಒಬ್ಬ ವ್ಯಕ್ತಿ ಸಂಸ್ಥೆಯಲ್ಲಿ ಇರಲೇಬೇಕು. ಇದಲ್ಲದೆ, 2020ರ ಏಪ್ರಿಲ್ 1ರಿಂದ ರೋಗನಿದಾನಕ್ಕೆಂದು ಬಳಸುವ ತಂತ್ರಾಂಶವೂ ಭಾರತದಲ್ಲಿ ವೈದ್ಯಕೀಯ ಸಾಧನಗಳ ಕಾನೂನಿನ ವ್ಯಾಪ್ತಿಗೆ ಬಂದಿರುವುದನ್ನು ಮರೆಯಬಾರದು.

ಮೊದಲು ಕಾರ್ಯಾಚರಣ ವ್ಯವಸ್ಥೆಯನ್ನು ಸ್ಥಾಪಿಸಿ, ಅದರ ಭದ್ರತಾ ತಿದ್ದುಪಡಿಗಳನ್ನೆಲ್ಲ ಸೇರಿಸಬೇಕು. ಚಿತ್ರಗಳ ಸಂಗ್ರಹಕ್ಕೆ ಬೇರೆಯೇ ಡಿಸ್ಕುಗಳಿರಬೇಕು. ಇಲ್ಲವಾದರೆ ಚಿತ್ರಗಳು ತುಂಬಿ ತುಳುಕಿದ ದಿನ ಇಡೀ ಯಂತ್ರವೇ ಸ್ತಬ್ಧವಾಗುತ್ತದೆ. ಒಂದು ಡಿಸ್ಕು ಕೆಟ್ಟರೂ ಉಳಿದವು ಕೆಲಸ ನಡೆಸುವಂತೆ ಅವುಗಳನ್ನು ಜೋಡಿಸಬೇಕು. ಯಾವ ರೋಗಿಯ ಚಿತ್ರ ಎಲ್ಲಿದೆಯೆಂಬ ಸೂಚಿಯನ್ನು ದತ್ತಸಂಚಯವೊಂದರಲ್ಲಿ ಇಡಲಾಗುತ್ತದೆ. ಗ್ರಂಥಾಲಯದಲ್ಲಿ ಪುಸ್ತಕಗಳಿದ್ದೂ ಸೂಚೀಪತ್ರ ಕಳೆದುಹೋದರೆ ಆಗುವ ಪಾಡೇ ಈ ಸೂಚಿ ಕೆಟ್ಟಾಗ ಆಗುವುದು.

ಮುಂದಿನದು ಪರಿಚಯದ ಹಂತ. ಡೈಕಾಮ್ ಜಾಲದಲ್ಲಿ ಪ್ರತಿ ಯಂತ್ರಕ್ಕೂ ಮೂರು ಗುರುತುಗಳು: ಹದಿನಾರು ಅಕ್ಷರಗಳನ್ನು ಮೀರದ ಒಂದು ಹೆಸರು, ಜಾಲದಲ್ಲಿ ಅದರ ವಿಳಾಸ, ಮತ್ತು ಪೋರ್ಟ್ ಸಂಖ್ಯೆ. ಡೈಕಾಮಿಗೆ 104 ಹಾಗೂ 11112 ಎಂಬ ಪೋರ್ಟುಗಳು ಮೀಸಲು. ಆರ್ಥಂಕ್ ತಾನಾಗಿ ಬಳಸುವುದು 4242. ಈ ಮೂರರಲ್ಲಿ ಒಂದಕ್ಷರ ತಪ್ಪಿದರೂ ಚಿತ್ರ ತಲುಪುವುದಿಲ್ಲ. ಸಿ.ಟಿ. ಯಂತ್ರದಲ್ಲಿ ಸರ್ವರಿನ ಗುರುತನ್ನೂ ಸರ್ವರಿನಲ್ಲಿ ಸಿ.ಟಿ. ಯಂತ್ರದ ಗುರುತನ್ನೂ ಬರೆದು, ಮೊದಲು ‘ಎಕೋ’ ಪರೀಕ್ಷೆ ಮಾಡುತ್ತಾರೆ. ಬಾಗಿಲಲ್ಲಿ ನಿಂತು ಕೂಗಿದಾಗ ಒಳಗಿನಿಂದ ಓಗೊಡುವಂತೆ, ಒಂದು ಯಂತ್ರ ಕರೆದರೆ ಇನ್ನೊಂದು ಉತ್ತರಿಸುತ್ತದೆ. ಅನಂತರ ಪರೀಕ್ಷಾರ್ಥ ಬಿಂಬವೊಂದನ್ನು ಕಳುಹಿಸಿ, ಅದನ್ನು ಹುಡುಕಿ, ಮರಳಿ ತರಿಸಿ, ಯಂತ್ರದ ಪರದೆಯಲ್ಲಿ ಕಂಡದ್ದಕ್ಕೂ ಸರ್ವರಿನಿಂದ ಬಂದದ್ದಕ್ಕೂ ಅಳತೆಯಲ್ಲಿ, ಎಡಬಲಗಳಲ್ಲಿ, ಸೀಳುಗಳ ಸಂಖ್ಯೆಯಲ್ಲಿ ವ್ಯತ್ಯಾಸವಿಲ್ಲವೆಂದು ದೃಢಪಡಿಸಿಕೊಳ್ಳಬೇಕು. ಎಡ ಮೂತ್ರಪಿಂಡ ಬಲವೆಂದು ಕಂಡರೆ ಅದರ ಪರಿಣಾಮ ಶಸ್ತ್ರಚಿಕಿತ್ಸೆಯ ಮೇಜಿನವರೆಗೂ ಹೋಗಬಲ್ಲದು.

ಎಲ್ಲ ಯಂತ್ರಗಳ ಗಡಿಯಾರಗಳೂ ಒಂದೇ ಸಮಯ ತೋರಬೇಕು. ಭಾರತದ ಪ್ರಮಾಣ ಕಾಲವನ್ನು ಪಾಲಿಸುವ ರಾಷ್ಟ್ರೀಯ ಭೌತ ಪ್ರಯೋಗಾಲಯ ಇರುವುದು ದೆಹಲಿಯಲ್ಲಿಯೇ. ಗಣಕಗಳ ಗಡಿಯಾರಗಳನ್ನು ಈ ಪ್ರಯೋಗಾಲಯದ ಅಥವಾ ರಾಷ್ಟ್ರೀಯ ಮಾಹಿತಿ ಕೇಂದ್ರದ ಕಾಲಕ್ಕೆ ಹೊಂದಿಸಬೇಕೆಂದು 2022ರ ಏಪ್ರಿಲ್ 28ರಂದು ಗಣಕ ತುರ್ತು ಸ್ಪಂದನ ಸಂಸ್ಥೆ ‘ಸರ್ಟ್-ಇನ್’ ನಿರ್ದೇಶ ಹೊರಡಿಸಿತು. ಬೆಳಗಿನ ಮತ್ತು ಸಂಜೆಯ ಎರಡು ಚಿತ್ರಗಳಲ್ಲಿ ಯಾವುದು ಮೊದಲಿನದೆಂದು ನಿರ್ಧರಿಸಲು ವೈದ್ಯರಿಗೂ ಈ ಶಿಸ್ತು ಅಗತ್ಯ.

ಹೆಸರಿನ ಗೊಂದಲ

ಈ ವ್ಯವಸ್ಥೆಯಲ್ಲಿ ಅತ್ಯಂತ ದುರ್ಬಲವಾದ ಕೊಂಡಿ ಯಾವುದೆಂದರೆ ರೋಗಿಯ ಹೆಸರು. ದೆಹಲಿಯ ಕನ್ನಡಿಗರಿಗೆ ಇದರ ಅನುಭವ ಬೇರೆಯವರಿಗಿಂತ ಹೆಚ್ಚು. ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಮುಂದಿಟ್ಟುಕೊಂಡ ಹೆಸರು ಇಲ್ಲಿಯ ಗುಮಾಸ್ತರಿಗೆ ಅಪೂರ್ಣವಾಗಿ ತೋರುತ್ತದೆ. ಮನೆತನದ ಹೆಸರು ಏನೆಂದು ಕೇಳಿದಾಗ ಒಮ್ಮೆ ತಂದೆಯ ಹೆಸರು, ಒಮ್ಮೆ ಊರಿನ ಹೆಸರು, ಒಮ್ಮೆ ಗಂಡನ ಹೆಸರು ದಾಖಲಾಗುತ್ತದೆ. ಲಲಿತಾ, ಗೀತಾ ಎಂಬ ಹೆಸರುಗಳ ಇಂಗ್ಲಿಷ್ ಕಾಗುಣಿತದಲ್ಲಿ ದಕ್ಷಿಣದವರು ‘ಟಿ’ಯ ಮುಂದೆ ‘ಹೆಚ್’ ಸೇರಿಸುತ್ತಾರೆ, ಉತ್ತರದವರು ಬಿಡುತ್ತಾರೆ. ಲಕ್ಷ್ಮೀದೇವಮ್ಮ ಎಂಬವರು ಲಕ್ಷ್ಮೀ ದೇವಿಯಾಗುತ್ತಾರೆ. ಮನುಷ್ಯರಿಗೆ ಇದು ನಗೆಯ ವಿಷಯ. ಸರ್ವರಿಗೆ ಇವರು ಇಬ್ಬರು ಬೇರೆ ಬೇರೆ ರೋಗಿಗಳು. ಎರಡು ವರ್ಷದ ಹಿಂದಿನ ಆ ಗಂಟಿನ ಚಿತ್ರ ಅದೇ ಡಿಸ್ಕಿನಲ್ಲಿ ಭದ್ರವಾಗಿದ್ದರೂ ವೈದ್ಯರಿಗೆ ದೊರೆಯುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಒಂದೇ ಹೆಸರಿನ ಇಬ್ಬರ ಚಿತ್ರಗಳು ಬೆರೆತರೆ ಆಗುವ ಅನಾಹುತ ಇನ್ನೂ ಘೋರ.

ಇದಕ್ಕೆ ಪರಿಹಾರ ಎರಡು. ಒಬ್ಬ ರೋಗಿಗೆ ಜೀವನಪೂರ್ತಿ ಒಂದೇ ನೋಂದಣಿ ಸಂಖ್ಯೆ ಇರಬೇಕು. ಹುಡುಕಾಟ ಹೆಸರಿನ ಮೇಲಲ್ಲ, ಸಂಖ್ಯೆಯ ಮೇಲೆ ನಡೆಯಬೇಕು. 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಯೋಜನೆಯ ಹದಿನಾಲ್ಕು ಅಂಕಿಗಳ ‘ಆಭಾ’ ಸಂಖ್ಯೆಯ ಉದ್ದೇಶವೂ, ಬೇರೆ ಬೇರೆ ಆಸ್ಪತ್ರೆಗಳಲ್ಲಿ ಚದುರಿದ ದಾಖಲೆಗಳನ್ನು ಒಬ್ಬನೇ ವ್ಯಕ್ತಿಗೆ ಕೂಡಿಸುವುದೇ. ಎರಡನೆಯದಾಗಿ, ತಂತ್ರಜ್ಞರು ಯಂತ್ರದ ಮುಂದೆ ಹೆಸರನ್ನು ಮತ್ತೆ ಟೈಪು ಮಾಡಬಾರದು. ನೋಂದಣಿ ಕಚೇರಿಯಲ್ಲಿ ಒಮ್ಮೆ ಬರೆದದ್ದೇ ಕೆಲಸದ ಪಟ್ಟಿಯಾಗಿ ಯಂತ್ರಕ್ಕೆ ಬರಬೇಕು. ತಂತ್ರಜ್ಞರು ಅದರಿಂದ ಆರಿಸಿಕೊಳ್ಳಬೇಕು. ಸರ್ವರಿಗೆ ‘ವರ್ಕ್‌ಲಿಸ್ಟ್’ ಜೋಡಿಸದೆ ಸ್ಥಾಪನೆ ಮುಗಿಯಿತೆಂದು ಹೇಳುವುದು, ಅಂಚೆಯ ಪೆಟ್ಟಿಗೆ ನಿಲ್ಲಿಸಿ ಮನೆಗಳಿಗೆ ನಂಬರು ಕೊಡದಿರುವಂತೆ.

ಬಾಗಿಲು ಮತ್ತು ಬೀಗ

ಸರ್ವರಿನ ಕೆಲಸ ಸುಲಭವಾಗಲೆಂದು ಅದನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡುವ ಪ್ರವೃತ್ತಿ ಅಲ್ಲಲ್ಲಿ ಕಾಣುತ್ತದೆ. ಜರ್ಮನಿಯ ಗ್ರೀನ್‌ಬೋನ್ ನೆಟ್‌ವರ್ಕ್ಸ್ ಸಂಸ್ಥೆ 2019ರಲ್ಲಿ ಜಗತ್ತಿನ ಸುಮಾರು 2,300 ಇಂತಹ ಸರ್ವರುಗಳನ್ನು ಪರಿಶೀಲಿಸಿದಾಗ, 590 ಸರ್ವರುಗಳಲ್ಲಿನ ರೋಗಿಗಳ ಮಾಹಿತಿ ಯಾರು ಬೇಕಾದರೂ ನೋಡುವಂತೆ ತೆರೆದಿದ್ದುದು ಕಂಡುಬಂದಿತು. ಅದೇ ಸಂಸ್ಥೆಯ ಮುಂದಿನ ವರದಿಯ ಪ್ರಕಾರ ಭಾರತೀಯ ರೋಗಿಗಳ ಸುಮಾರು 12 ಕೋಟಿ ಚಿತ್ರಗಳು ಹೀಗೆ ಬಯಲಿನಲ್ಲಿದ್ದವು. 2020ರ ಫೆಬ್ರವರಿಯಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾದ ಆ ಪಟ್ಟಿಯಲ್ಲಿ ಮಹಾರಾಷ್ಟ್ರದ್ದು ಮೊದಲ ಸ್ಥಾನ, ಕರ್ನಾಟಕದ್ದು ಎರಡನೆಯದು. ಇದಕ್ಕೆ ನಿಪುಣ ಕಳ್ಳರು ಬೇಕಿರಲಿಲ್ಲ. ಬಾಗಿಲಿಗೆ ಬೀಗವೇ ಇರಲಿಲ್ಲ. ಪ್ರತಿ ಚಿತ್ರದೊಂದಿಗೆ ಹೆಸರೂ ಜನ್ಮದಿನಾಂಕವೂ ಇರುವುದರಿಂದ ಸೋರಿದ್ದು ಬರಿಯ ಎಲುಬಿನ ನೆರಳಲ್ಲ, ವ್ಯಕ್ತಿಯ ಗುಟ್ಟು.

ಆದುದರಿಂದ ಬಿಂಬಯಂತ್ರಗಳಿಗೂ ಸರ್ವರಿಗೂ ಪ್ರತ್ಯೇಕ ಜಾಲವಿರಬೇಕು. ಹೊರಗಿನಿಂದ ಚಿತ್ರ ನೋಡುವ ವೈದ್ಯರು ಗೂಢೀಕೃತ ಮಾರ್ಗದಿಂದಲೇ ಒಳಬರಬೇಕು. ತಂತ್ರಾಂಶದೊಂದಿಗೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು. ಇಡೀ ವಿಭಾಗಕ್ಕೆ ಒಂದೇ ಪಾಸ್‌ವರ್ಡ್ ಇರದೆ ಒಬ್ಬೊಬ್ಬರಿಗೂ ತಮ್ಮದೇ ಇರಬೇಕು. ಯಾರು ಯಾವಾಗ ಯಾರ ಚಿತ್ರ ನೋಡಿದರೆಂಬ ದಾಖಲೆ ಉಳಿಯಬೇಕು. ಸರ್ಟ್-ಇನ್ ನಿರ್ದೇಶದಂತೆ ಇಂತಹ ದಾಖಲೆಗಳನ್ನು 180 ದಿನ ಇಡುವುದೂ, ಆಕ್ರಮಣ ನಡೆದದ್ದು ತಿಳಿದ 6 ಗಂಟೆಯೊಳಗೆ ವರದಿ ಮಾಡುವುದೂ ಕಡ್ಡಾಯ.

ದೆಹಲಿ ಕಂಡ ಪಾಠ

‘ಏಮ್ಸ್’ ಎಂದು ಪ್ರಸಿದ್ಧವಾದ, 1956ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಕರ್ನಾಟಕದಿಂದಲೂ ರೋಗಿಗಳು ಬರುತ್ತಾರೆ. 2022ರ ನವೆಂಬರ್ 23ರ ಬೆಳಗ್ಗೆ ಅಲ್ಲಿಯ ‘ಇ-ಹಾಸ್ಪಿಟಲ್’ ವ್ಯವಸ್ಥೆ ಸ್ತಬ್ಧವಾಯಿತು. ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ಸುಲಿಗೆ ಮಾಡುವ ಆಕ್ರಮಣವದು. ಐದು ಸರ್ವರುಗಳು ಬಾಧಿತವಾಗಿ ಸುಮಾರು 1.3 ಟೆರಾಬೈಟ್ ಮಾಹಿತಿ ಓದಲಾಗದಂತಾಯಿತೆಂದೂ, ಜಾಲವನ್ನು ಸರಿಯಾಗಿ ವಿಭಾಗಿಸದಿದ್ದುದು ಇದಕ್ಕೆ ಕಾರಣವೆಂದೂ ಸರ್ಕಾರ ಸಂಸತ್ತಿಗೆ ತಿಳಿಸಿತು. ನೋಂದಣಿ, ದಾಖಲಾತಿ, ಪ್ರಯೋಗಾಲಯದ ವರದಿ ಎಲ್ಲವನ್ನೂ ಕೈಬರಹದಿಂದ ನಡೆಸಬೇಕಾಯಿತು. ಎರಡು ವಾರಗಳ ನಂತರ ಹೆಚ್ಚಿನ ಸೇವೆಗಳು ಮರಳಿದವು. ಅವು ಮರಳಲು ಕಾರಣವಾದದ್ದು, ಆಕ್ರಮಣಕ್ಕೆ ಸಿಲುಕದೆ ಉಳಿದಿದ್ದ ಒಂದು ಪ್ರತಿ ಸರ್ವರ್. ಅದರಿಂದ ಇ-ಹಾಸ್ಪಿಟಲಿನ ಮಾಹಿತಿಯನ್ನೆಲ್ಲ ಪಡೆದು ಹೊಸ ಸರ್ವರುಗಳಲ್ಲಿ ಪುನಃಸ್ಥಾಪಿಸಲಾಯಿತು.

ಬಿಂಬ ಸರ್ವರಿಗೂ ಇದೇ ನ್ಯಾಯ. ಮೂಲವೂ ಸೇರಿ ಮೂರು ಪ್ರತಿಗಳು, ಎರಡು ಬೇರೆ ಬಗೆಯ ಸಾಧನಗಳಲ್ಲಿ. ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿ, ಜಾಲದ ಸಂಪರ್ಕವಿಲ್ಲದೆ. ಡಿಸ್ಕುಗಳನ್ನು ಜೋಡಿಯಾಗಿ ಇರಿಸಿದ ಮಾತ್ರಕ್ಕೆ ಪ್ರತಿ ಆಯಿತೆಂದು ಭಾವಿಸುವುದು ತಪ್ಪು; ಒಂದರಲ್ಲಿ ಅಳಿಸಿದ್ದು ಅದೇ ಕ್ಷಣ ಇನ್ನೊಂದರಲ್ಲೂ ಅಳಿಯುತ್ತದೆ. ಮೂರು ತಿಂಗಳಿಗೊಮ್ಮೆಯಾದರೂ ಪ್ರತಿಯಿಂದ ಕೆಲವು ಚಿತ್ರಗಳನ್ನು ಬೇರೆ ಯಂತ್ರಕ್ಕೆ ಇಳಿಸಿ ತೆರೆದು ನೋಡಬೇಕು. ತೆರೆದು ನೋಡದ ಪ್ರತಿ, ಕಾಲವಧಿ ತಿಳಿಯದ ಔಷಧದ ಸೀಸೆಯಿದ್ದಂತೆ; ಬೇಕಾದ ದಿನ ಕೈಕೊಡಬಹುದು.

ಬಳಕೆಗೆ ಬಿಡುವ ಬಗೆ

ಸ್ಥಾಪನೆಯಾದ ಮಾರನೆಯ ದಿನವೇ ಫಿಲ್ಮನ್ನು ನಿಲ್ಲಿಸುವುದು ಸಾಹಸ. ಕೆಲವು ವಾರ ಹಳೆಯದೂ ಹೊಸದೂ ಜೊತೆಯಾಗಿ ನಡೆಯಬೇಕು. ಮೊದಲು ಒಂದು ಯಂತ್ರ, ಅನಂತರ ಒಂದು ವಿಭಾಗ, ಆಮೇಲೆ ಇಡೀ ಆಸ್ಪತ್ರೆ ಎಂಬ ಕ್ರಮ ಲೇಸು. ಪ್ರತಿದಿನ ಸಂಜೆ ಯಂತ್ರಗಳಲ್ಲಿ ನಡೆದ ಪರೀಕ್ಷೆಗಳ ಸಂಖ್ಯೆಯನ್ನೂ ಸರ್ವರಿಗೆ ಬಂದವುಗಳ ಸಂಖ್ಯೆಯನ್ನೂ ತಾಳೆ ನೋಡಬೇಕು. ರಾತ್ರಿಪಾಳಿಯ ತಂತ್ರಜ್ಞರಿಗೂ ದಾದಿಯರಿಗೂ ತರಬೇತಿ ಕೊಡಬೇಕು. ಸರ್ವರ್ ನಿಂತಾಗ ಏನು ಮಾಡಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಅದನ್ನು ಗಣಕದಲ್ಲಿಯೇ ಇಟ್ಟರೆ ಆ ಹೊತ್ತಿಗೆ ಸಿಗದು.

ರೋಗಿಗಳೂ ಬಂಧುಗಳೂ ತಿಳಿದಿರಬೇಕಾದದ್ದು

ಪರೀಕ್ಷೆಯ ನಂತರ ವರದಿಯ ಕಾಗದ, ಫಿಲ್ಮುಗಳಷ್ಟೇ ಅಲ್ಲದೆ ಚಿತ್ರಗಳನ್ನು ಡೈಕಾಮ್ ರೂಪದಲ್ಲಿಯೇ ಸಿ.ಡಿ. ಅಥವಾ ಪೆನ್ ಡ್ರೈವಿನಲ್ಲಿ ಕೇಳಿ ಪಡೆಯುವುದು ಒಳ್ಳೆಯದು. ದೆಹಲಿಯಲ್ಲಿ ನೌಕರಿ, ಗಾಜಿಯಾಬಾದಿನಲ್ಲಿ ಮನೆ, ಗುರುಗ್ರಾಮದಲ್ಲಿ ಆಸ್ಪತ್ರೆ, ನಿವೃತ್ತಿಯ ನಂತರ ಮೈಸೂರು ಎಂಬಂತೆ ಬದುಕುವವರ ಚಿತ್ರಗಳು ನಾಲ್ಕು ಸರ್ವರುಗಳಲ್ಲಿ ಹಂಚಿಹೋಗಿರುತ್ತವೆ. ಅವನ್ನು ಒಟ್ಟುಗೂಡಿಸಬಲ್ಲವರು ರೋಗಿಯೂ ಮನೆಯವರೂ ಮಾತ್ರ. ಯಾವ ಆಸ್ಪತ್ರೆಯೂ ಚಿತ್ರವನ್ನು ಎಂದೆಂದಿಗೂ ಇಟ್ಟುಕೊಂಡಿರುತ್ತದೆಂದು ನಂಬಿ ಕೂರಬಾರದು. ವೈದ್ಯರ ವೃತ್ತಿನಡತೆಯ 2002ರ ನಿಯಮಗಳು ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷ ಕಾಪಾಡಬೇಕೆಂದೂ, ರೋಗಿ ಕೇಳಿದಾಗ 72 ಗಂಟೆಯೊಳಗೆ ಕೊಡಬೇಕೆಂದೂ ವಿಧಿಸುತ್ತವೆ. ಇದು ಹಕ್ಕು, ಸಂಕೋಚವಿಲ್ಲದೆ ಕೇಳಬಹುದು.

ಎಲ್ಲ ಆಸ್ಪತ್ರೆಗಳಲ್ಲಿಯೂ ಹೆಸರನ್ನು ಒಂದೇ ಕಾಗುಣಿತದಲ್ಲಿ, ಗುರುತುಚೀಟಿಯಲ್ಲಿರುವಂತೆಯೇ ಬರೆಸಬೇಕು. ಹಳೆಯ ನೋಂದಣಿ ಸಂಖ್ಯೆಯಿದ್ದರೆ ಹೊಸ ಚೀಟಿ ಮಾಡಿಸದೆ ಅದನ್ನೇ ತೋರಿಸಬೇಕು. ಸ್ಕ್ಯಾನ್ ಕೊಠಡಿಗೆ ಹೋಗುವ ಮುನ್ನ ಚೀಟಿಯ ಮೇಲಿನ ಹೆಸರು, ವಯಸ್ಸು, ಯಾವ ಭಾಗ, ಎಡವೋ ಬಲವೋ ಎಂಬುದನ್ನು ಓದಿ ನೋಡಬೇಕು. ಹಿಂದಿ ಬಾರದ ಹಿರಿಯರೊಂದಿಗೆ ಮನೆಯವರೊಬ್ಬರು ಇದಕ್ಕಾಗಿಯೇ ನಿಲ್ಲುವುದು ಲೇಸು. ಬಂಧುವಿನ ಚಿತ್ರ, ವರದಿಗಳನ್ನು ವಾಟ್ಸಾಪ್ ಗುಂಪುಗಳಲ್ಲಿ ಹಂಚಬಾರದು. ಕಾಳಜಿಯಿಂದ ಕಳುಹಿಸಿದ್ದೂ ಕೈಜಾರಿದ ಮೇಲೆ ಹಿಂದಿರುಗದು.

ಆಸ್ಪತ್ರೆಯ ಕೊಠಡಿಯೊಂದರಲ್ಲಿ ತಂಪಾಗಿ ಗುಂಯ್‌ಗುಡುತ್ತಿರುವ ಆ ಪೆಟ್ಟಿಗೆ ರೋಗವನ್ನು ಗುಣಪಡಿಸುವುದಿಲ್ಲ. ಆದರೆ ಅದನ್ನು ನಿಲ್ಲಿಸಿದವರು ಅಂಕಿಗಳನ್ನು ಸರಿಯಾಗಿ ಬರೆದು, ಬೀಗ ಹಾಕಿ, ಪ್ರತಿ ಇಟ್ಟು, ಪ್ರತಿಯನ್ನು ಪರೀಕ್ಷಿಸಿದ್ದರೆ, ವರ್ಷಗಳ ಅನಂತರ ಯಾವುದೋ ರಾತ್ರಿ ವೈದ್ಯರೊಬ್ಬರು ಹೊಸ ಚಿತ್ರದ ಪಕ್ಕದಲ್ಲಿ ಹಳೆಯದನ್ನಿಟ್ಟು, ಗಂಟು ಬೆಳೆದಿಲ್ಲ, ಚಿಂತೆಯಿಲ್ಲ ಎಂದು ಹೇಳಬಲ್ಲರು.